ಮನೆಯಿಂದ ದೂರವಿದ್ದವರ ಮತ: ಬೆಂಗಳೂರಿನ ಉತ್ತರ ಭಾಗ ಮತ್ತು ಅಂಚೆ ಮತದಾನದ ಚರಿತ್ರೆ

ಭಾರತದ ಚುನಾವಣಾ ಕಾನೂನು ಮೂಲತಃ ಮತದಾರನನ್ನು ಮತಗಟ್ಟೆಗೆ ಕರೆಯುವ ಕಾನೂನು. ತನ್ನ ಹೆಸರಿರುವ ಮತಗಟ್ಟೆಗೆ, ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಂಟೆಗಳೊಳಗೆ, ಮತದಾರ ಸ್ವತಃ ಹೋಗಿ ಮತ ಹಾಕಬೇಕೆಂಬುದು ಅದರ ಸಾಮಾನ್ಯ ನಿಯಮ. ಅಂಚೆಯ ಮೂಲಕ ಮತ ಕಳುಹಿಸುವುದು ಕಾನೂನು ಹೆಸರಿಸಿದ ಕೆಲವು ವರ್ಗಗಳಿಗಷ್ಟೇ ದೊರೆತ ವಿನಾಯಿತಿ. ಈ ವಿನಾಯಿತಿ ಯಾರಿಂದ ಆರಂಭವಾಗಿ ಯಾರವರೆಗೆ ಬಂದಿತು, ಯಾರ ಬಾಗಿಲಲ್ಲಿ ನಿಂತುಹೋಯಿತು ಎಂಬುದನ್ನು ಅರಿಯಲು ಬೆಂಗಳೂರಿನ ಉತ್ತರ ಭಾಗದಷ್ಟು ತಕ್ಕ ನೆಲ ಕರ್ನಾಟಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಯಲಹಂಕ ಮತ್ತು ಜಾಲಹಳ್ಳಿಗಳಲ್ಲಿ ವಾಯುಪಡೆಯ ನೆಲೆಗಳಿವೆ, ಹೆಬ್ಬಾಳದಲ್ಲಿ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿಯಿದೆ, ಯಶವಂತಪುರದ ಸುತ್ತ ರೈಲು ನಿಲ್ದಾಣವನ್ನೂ ಪೀಣ್ಯದ ಕಾರ್ಖಾನೆಗಳನ್ನೂ ನಂಬಿ ಹೊರ ಜಿಲ್ಲೆಗಳಿಂದ ಬಂದವರ ವಸತಿಗಳಿವೆ; ದೇಶದ ಮತಯಂತ್ರಗಳನ್ನು ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಹುಟ್ಟಿದ್ದು ಜಾಲಹಳ್ಳಿಯಲ್ಲೇ. ತಾನಿರುವ ಊರು ಬೇರೆ, ಮತವಿರುವ ಊರು ಬೇರೆ ಎಂಬ ಸ್ಥಿತಿ ಇಲ್ಲಿನ ಸಾವಿರಾರು ಮನೆಗಳಿಗೆ ದಿನನಿತ್ಯದ ವಾಸ್ತವ.

ಮೈಸೂರು ಸಂಸ್ಥಾನದಲ್ಲಿ ಅಂಚೆಯೂ ಜನಪ್ರಾತಿನಿಧ್ಯವೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಕೆಲವೇ ವರ್ಷ ಒಟ್ಟಿಗೆ ಬಾಳಿದವು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಮೈಸೂರು ಅಂಚೆ, ಕಾಗದಪತ್ರಗಳ ಜೊತೆಗೆ ರಾಜ್ಯದ ಮೂಲೆಮೂಲೆಯ ವರ್ತಮಾನವನ್ನೂ ಅರಮನೆಗೆ ಮುಟ್ಟಿಸುತ್ತಿತ್ತು. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಅದಕ್ಕೆ ಎಂಟು ವರ್ಷ ಮೊದಲು, 1881ರ ಅಕ್ಟೋಬರ್‌ನಲ್ಲಿ, ದಿವಾನ್ ಸಿ. ರಂಗಾಚಾರ್ಲು ಅವರು ಕರೆದ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿನಲ್ಲಿ ಮೈಸೂರಿನಲ್ಲಿ ಮೊದಲ ಬಾರಿ ಸೇರಿತ್ತು. ಆರಂಭದ ಪ್ರತಿನಿಧಿಗಳು ನೇಮಕಗೊಂಡವರು; ಮುಂದೆ ಚುನಾವಣೆ ಬಂದಾಗಲೂ ಮತಾಧಿಕಾರ ಕಂದಾಯ, ತೆರಿಗೆ ಮತ್ತು ವಿದ್ಯೆಯ ಅರ್ಹತೆಗಳಿಗೆ ಕಟ್ಟಿಹಾಕಿದ ಹಕ್ಕಾಗಿತ್ತು. ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯ ವರದಿಯ ಬೆನ್ನಲ್ಲಿ 1923ರಲ್ಲಿ ಬಂದ ಸುಧಾರಣೆಗಳು ಸಭೆಗೆ ಶಾಸನದ ನೆಲೆ ಒದಗಿಸಿ ಮಹಿಳೆಯರಿಗೂ ಮತದ ದಾರಿ ತೆರೆದವಾದರೂ ಆಸ್ತಿಯ ಗೋಡೆ ಹಾಗೆಯೇ ಉಳಿಯಿತು. ಕಂದಾಯ ಕೊಡುವವನೇ ಮತದಾರನಾಗಿದ್ದ ವ್ಯವಸ್ಥೆಯಲ್ಲಿ ಮತದಾರನ ಊರು ಯಾವುದೆಂಬ ಪ್ರಶ್ನೆ ಏಳುವುದು ವಿರಳ, ಏಕೆಂದರೆ ಜಮೀನು ಊರು ಬಿಟ್ಟು ಹೋಗುವುದಿಲ್ಲ. ಬೆಂಗಳೂರು ನಗರದ ಇನ್ನೊಂದು ಪಾಲಾದ ದಂಡುಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, 1947ರ ಜುಲೈವರೆಗೂ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಒಂದೇ ಊರಿನ ಎರಡು ಭಾಗಗಳು ಎರಡು ಸರ್ಕಾರಗಳಿಗೆ ಸೇರಿದ್ದವು.

ಸ್ವಾತಂತ್ರ್ಯದೊಂದಿಗೆ ಬಂದ ವಯಸ್ಕ ಮತಾಧಿಕಾರ ಈ ಲೆಕ್ಕಾಚಾರವನ್ನು ಬುಡಸಮೇತ ಬದಲಿಸಿತು. ಆಸ್ತಿಯ ಆಧಾರ ಹೋದ ಮೇಲೆ ಮತದಾರನನ್ನು ಗುರುತಿಸಲು ಉಳಿದದ್ದು ವಯಸ್ಸು, ಪೌರತ್ವ ಮತ್ತು ವಾಸ ಮಾತ್ರ. ಸಂವಿಧಾನ ಇನ್ನೂ ಕರಡಿನ ಹಂತದಲ್ಲಿದ್ದಾಗಲೇ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರು ಸಾಂವಿಧಾನಿಕ ಸಲಹೆಗಾರರಾಗಿದ್ದ ಸಂವಿಧಾನ ರಚನಾ ಸಭೆಯ ಸಚಿವಾಲಯ, ಮತದಾರರ ಪಟ್ಟಿಯ ಕರಡನ್ನು ಸಿದ್ಧಪಡಿಸುವಂತೆ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆ ಕಳುಹಿಸಿತ್ತು. ದೇಶವಿಭಜನೆಯಿಂದ ನೆಲೆ ತಪ್ಪಿ ಬಂದ ನಿರಾಶ್ರಿತರಲ್ಲಿ ವಾಸದ ದಿನಗಳ ಲೆಕ್ಕ ಕೇಳದೆ, ಇಲ್ಲಿಯೇ ನೆಲೆಸುವ ಉದ್ದೇಶದ ಘೋಷಣೆಯೊಂದನ್ನೇ ಸಾಕೆಂದು ಒಪ್ಪಿ ಅವರನ್ನು ಪಟ್ಟಿಗೆ ಸೇರಿಸಿಕೊಂಡದ್ದು ಆ ಕಾಲದ ಆಡಳಿತಗಾರರ ಔದಾರ್ಯಕ್ಕೂ ವಿವೇಕಕ್ಕೂ ಸಾಕ್ಷಿ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯು ಸಾಮಾನ್ಯ ನಿವಾಸಿ ಎಂಬ ಪರಿಕಲ್ಪನೆಯನ್ನು ನೆಲೆಗೊಳಿಸಿತು. ಒಂದು ಕ್ಷೇತ್ರದಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ, ತಾತ್ಕಾಲಿಕವಾಗಿ ಬೇರೆಡೆ ಹೋದ ಮಾತ್ರಕ್ಕೆ ಆ ಸ್ಥಾನ ಕಳೆದುಹೋಗುವುದೂ ಇಲ್ಲ ಎಂಬುದು ಅದರ ತಿರುಳು. ಮನೆ ಮನೆಗೆ ಹೋಗಿ ಹೆಸರು ಬರೆದುಕೊಳ್ಳುವ ಈ ಕೆಲಸ ಎಷ್ಟು ಕಠಿಣವಾಗಿತ್ತೆಂದರೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ತಮ್ಮ ಹೆಸರು ಹೇಳಲೊಪ್ಪದ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರು ಪಟ್ಟಿಯಿಂದ ಕೈಬಿಡಬೇಕಾಯಿತು. ಮುಂದಿನ ಚುನಾವಣೆಯ ಹೊತ್ತಿಗೆ ಸ್ವಂತ ಹೆಸರಿನಲ್ಲಿ ಪಟ್ಟಿ ಸೇರುವವರು ಹೆಚ್ಚಲೆಂಬುದು ಆ ಕಠೋರ ನಿರ್ಧಾರದ ಹಿಂದಿನ ಎಣಿಕೆಯಾಗಿತ್ತು.

ವಾಸವೇ ಮತದ ಬುನಾದಿಯಾದೊಡನೆ, ಸರ್ಕಾರದ ಅಪ್ಪಣೆಯ ಮೇರೆಗೆ ಊರು ಬಿಟ್ಟಿರುವವರ ಪ್ರಶ್ನೆ ಎದ್ದಿತು, ಮತ್ತು ಬೆಂಗಳೂರಿನ ಉತ್ತರ ಅಂಚು ಅಂಥವರ ನೆಲೆಯಾಗಿ ಬೆಳೆದದ್ದು ಅದೇ ದಶಕಗಳಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯನ್ನೂ ಇಟಲಿಯ ಯುದ್ಧಕೈದಿಗಳ ಶಿಬಿರವನ್ನೂ ಕಂಡಿದ್ದ ಜಾಲಹಳ್ಳಿ, ಸ್ವಾತಂತ್ರ್ಯಾನಂತರ ವಾಯುಪಡೆಯ ಊರಾಯಿತು. 1953ರಲ್ಲಿ ಎಚ್ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1963ರಲ್ಲಿ ಯಲಹಂಕದ ವಾಯುನೆಲೆ, ಆಮೇಲೆ ಯಲಹಂಕದ ಸುತ್ತಲೇ ಗಡಿ ಭದ್ರತಾ ಪಡೆ ಮತ್ತು ಕೇಂದ್ರೀಯ ಮೀಸಲು ಪೊಲೀಸ್ ಪಡೆಗಳ ಕೇಂದ್ರಗಳು, 1984ರಲ್ಲಿ ರೈಲು ಗಾಲಿ ಕಾರ್ಖಾನೆ: ಹೀಗೆ ಕೆಂಪೇಗೌಡರ ವಂಶದ ಮೂಲನೆಲೆಯಾಗಿದ್ದ ನಾಡಿನಲ್ಲಿ ಪಂಜಾಬಿನ, ಬಂಗಾಳದ, ಕೇರಳದ, ಕೊಡಗಿನ ಕುಟುಂಬಗಳು ಕ್ವಾರ್ಟರ್ಸುಗಳಲ್ಲಿ ನೆರೆಹೊರೆಯಾದವು. ಇವರಲ್ಲಿ ಕಾರ್ಖಾನೆಯ ನೌಕರರು ಇಲ್ಲಿಯೇ ಹೆಸರು ನೋಂದಾಯಿಸಿಕೊಂಡು ಇಲ್ಲಿನ ಮತದಾರರಾದರು. ಸಮವಸ್ತ್ರದವರಿಗೆ ಕಾನೂನು ತೆರೆದಿಟ್ಟ ದಾರಿ ಬೇರೆಯದು.

ಆ ದಾರಿಯ ಹೆಸರು ಸೇವಾ ಅರ್ಹತೆ. ಸೇನಾಪಡೆಗಳ ಸದಸ್ಯರು, ಸೇನಾ ಕಾಯ್ದೆ ಅನ್ವಯವಾಗುವ ಇತರ ಪಡೆಗಳವರು, ತಮ್ಮ ರಾಜ್ಯದ ಹೊರಗೆ ನಿಯೋಜಿತರಾದ ರಾಜ್ಯದ ಸಶಸ್ತ್ರ ಪೊಲೀಸರು ಹಾಗೂ ವಿದೇಶದಲ್ಲಿರುವ ಕೇಂದ್ರ ಸರ್ಕಾರಿ ನೌಕರರು, ಸೇವೆಯಲ್ಲಿಲ್ಲದಿದ್ದರೆ ಯಾವ ಊರಿನಲ್ಲಿ ಇರುತ್ತಿದ್ದರೋ ಆ ಊರಿನ ಸಾಮಾನ್ಯ ನಿವಾಸಿಗಳೆಂದೇ ಕಾನೂನು ಭಾವಿಸುತ್ತದೆ. ಯಲಹಂಕದಲ್ಲಿ ದುಡಿಯುವ ಗದಗದ ಯೋಧ ಗದಗದ ಮತದಾರನಾಗಿಯೇ ಉಳಿಯುತ್ತಾನೆ. ಹೆಬ್ಬಾಳದಿಂದ ಲಡಾಖಿಗೆ ಹೋದವನು ಹೆಬ್ಬಾಳದ ಪಟ್ಟಿಯಲ್ಲೇ ಇರುತ್ತಾನೆ. ಸೇನಾಪಡೆಯವರು ನಮೂನೆ 2ರಲ್ಲಿ, ರಾಜ್ಯದ ಸಶಸ್ತ್ರ ಪೊಲೀಸರು ನಮೂನೆ 2ಎಯಲ್ಲಿ, ವಿದೇಶದ ನೌಕರರು ನಮೂನೆ 3ರಲ್ಲಿ ಅರ್ಜಿ ಸಲ್ಲಿಸುತ್ತಾರೆ. ಅವರ ಹೆಸರುಗಳು ಕ್ಷೇತ್ರದ ಪಟ್ಟಿಯ ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ಮುದ್ರಣವಾಗುತ್ತವೆ, ಮತ್ತು ಉಳಿದ ಮತದಾರರ ಕೈಯಲ್ಲಿರುವ ಭಾವಚಿತ್ರದ ಗುರುತಿನ ಚೀಟಿ ಅವರಿಗೆ ಇರುವುದಿಲ್ಲ. ಯೋಧನ ಜೊತೆಯಲ್ಲಿ ವಾಸಿಸುವ ಹೆಂಡತಿಗೂ ಈ ಸೌಲಭ್ಯ ಮೊದಲಿನಿಂದ ಇತ್ತು, ಆದರೆ ಸೇವೆಯಲ್ಲಿರುವ ಮಹಿಳೆಯ ಗಂಡನಿಗೆ ಇರಲಿಲ್ಲ. ಈ ಅಸಮಾನತೆ ನೀಗಿದ್ದು ಏಳು ದಶಕಗಳ ಬಳಿಕ, 2021ರ ಚುನಾವಣಾ ಕಾನೂನುಗಳ ತಿದ್ದುಪಡಿಯಲ್ಲಿ. ವಯಸ್ಸಿಗೆ ಬಂದ ಮಕ್ಕಳಿಗಂತೂ ಇಂದಿಗೂ ಈ ದಾರಿಯಿಲ್ಲ, ಅವರು ತಾವಿರುವ ಊರಿನಲ್ಲಿ ಸಾಮಾನ್ಯ ಮತದಾರರಾಗಿಯೇ ನೋಂದಾಯಿಸಿಕೊಳ್ಳಬೇಕು. ಹೀಗಾಗಿ ಒಂದೇ ಕ್ವಾರ್ಟರ್ಸಿನ ಒಂದೇ ಮನೆಯಲ್ಲಿ ಅಪ್ಪ ಅಮ್ಮನ ಮತ ಒಂದು ರಾಜ್ಯಕ್ಕೂ ಮಗಳ ಮತ ಯಲಹಂಕಕ್ಕೂ ಸೇರುವುದುಂಟು.

ಅಂಚೆ ಮತಪತ್ರದ ರಚನೆಯಲ್ಲೇ ಅದರ ಚಿಂತೆಗಳು ಕಾಣುತ್ತವೆ. ಮತದಾರ ಗುರುತು ಹಾಕಿದ ಮತಪತ್ರವನ್ನು 'ಎ' ಎಂಬ ಸಣ್ಣ ಲಕೋಟೆಯಲ್ಲಿಟ್ಟು ಅಂಟಿಸುತ್ತಾನೆ. ಮತ ಹಾಕಿದವನು ತಾನೇ ಎಂದು ಸಾರುವ ನಮೂನೆ 13ಎಯ ಘೋಷಣೆಗೆ ಸಹಿ ಹಾಕಿ, ತನ್ನನ್ನು ಬಲ್ಲ ಅಧಿಕಾರಿಯಿಂದ ದೃಢೀಕರಣ ಪಡೆಯುತ್ತಾನೆ. ಯೋಧನಾದರೆ ಅವನ ಘಟಕದ ಕಮಾಂಡಿಂಗ್ ಅಧಿಕಾರಿ ಅಥವಾ ಅವರು ನೇಮಿಸಿದವರು, ಇತರರಾದರೆ ಸಾಮಾನ್ಯವಾಗಿ ಪತ್ರಾಂಕಿತ ಅಧಿಕಾರಿ ಆ ದೃಢೀಕರಣ ನೀಡುತ್ತಾರೆ. ಸಣ್ಣ ಲಕೋಟೆಯೂ ಘೋಷಣೆಯೂ 'ಬಿ' ಎಂಬ ದೊಡ್ಡ ಲಕೋಟೆಯೊಳಗೆ ಸೇರಿ, ಮತದಾರನಿಗೆ ಅಂಚೆವೆಚ್ಚವಿಲ್ಲದೆ ಚುನಾವಣಾಧಿಕಾರಿಗೆ ಹೋಗುತ್ತವೆ. ಎಣಿಕೆಯ ದಿನ ದೊಡ್ಡ ಲಕೋಟೆಯನ್ನು ಮೊದಲು ಒಡೆದು, ಘೋಷಣೆ, ಸಹಿ, ದೃಢೀಕರಣ, ಕ್ರಮಸಂಖ್ಯೆ ಎಲ್ಲವೂ ಸರಿಯಿದ್ದರೆ ಮಾತ್ರ ಸಣ್ಣದನ್ನು ತೆರೆಯುತ್ತಾರೆ. ಮತದಾರ ಯಾರೆಂಬುದು ಹೊರಗಿನ ಕಾಗದದಲ್ಲಿ, ಮತ ಯಾರಿಗೆಂಬುದು ಒಳಗಿನ ಕಾಗದದಲ್ಲಿ. ಇವೆರಡೂ ಒಂದೇ ಕಣ್ಣಿಗೆ ಒಟ್ಟಾಗಿ ಬೀಳದಂತೆ ನೋಡಿಕೊಳ್ಳುವ ಈ ಎರಡು ಲಕೋಟೆಗಳ ಏರ್ಪಾಡು ಬಹಳ ಜಾಣತನದ್ದು. ಆದರೆ ಅಷ್ಟೇ ನಿರ್ದಯವಾದದ್ದೂ ಹೌದು. ಒಂದು ಸಹಿ ಮರೆತರೆ ಒಳಗಿನ ಮತ ತೆರೆಯದೆಯೇ ತಿರಸ್ಕೃತವಾಗುತ್ತದೆ, ಮತ್ತು ಎಣಿಕೆ ಆರಂಭವಾಗುವ ಗಂಟೆಯ ನಂತರ ಬಂದ ಲಕೋಟೆಯನ್ನು ಒಡೆಯುವಂತೆಯೇ ಇಲ್ಲ.

ಈ ಕೊನೆಯ ನಿಯಮವೇ ದಶಕಗಳ ಕಾಲ ಯೋಧರ ಮತವನ್ನು ನುಂಗಿತು. ನಾಮಪತ್ರ ಹಿಂಪಡೆಯುವ ಕೊನೆಯ ದಿನ ಮುಗಿದು ಅಭ್ಯರ್ಥಿಗಳ ಅಂತಿಮ ಪಟ್ಟಿ ಸಿದ್ಧವಾದ ಮೇಲಷ್ಟೇ ಮತಪತ್ರ ಮುದ್ರಣವಾಗಬಲ್ಲದು. ಆ ದಿನಕ್ಕೂ ಮತದಾನದ ದಿನಕ್ಕೂ ನಡುವೆ ಕನಿಷ್ಠ 20 ದಿನಗಳಿರಬೇಕೆಂದು ಹಿಂದಿನ ಕಾನೂನು ವಿಧಿಸಿತ್ತು. 1996ರ ತಿದ್ದುಪಡಿ ಅದನ್ನು 14 ದಿನಗಳಿಗೆ ಇಳಿಸಿತು. ಪ್ರಚಾರದ ಖರ್ಚನ್ನೂ ಗದ್ದಲವನ್ನೂ ತಗ್ಗಿಸಲು ಬಯಸಿದವರಿಗೆ ಅದು ಒಳ್ಳೆಯ ಸುಧಾರಣೆ. ಆದರೆ ಅದೇ ಹದಿನಾಲ್ಕು ದಿನಗಳಲ್ಲಿ ಬೆಂಗಳೂರಿನ ಚುನಾವಣಾಧಿಕಾರಿಯ ಕಚೇರಿಯಿಂದ ಹೊರಟ ಲಕೋಟೆ ಸೇನೆಯ ದಾಖಲೆ ಕಚೇರಿಯ ಮೂಲಕ ಹಿಮಾಲಯದ ಕಾವಲು ಠಾಣೆಯನ್ನು ತಲುಪಿ, ಅಲ್ಲಿ ದೃಢೀಕರಣಗೊಂಡು, ಮತ್ತೆ ಬೆಂಗಳೂರಿಗೆ ಮರಳುವುದು ಹೇಗೆ ಎಂಬ ಪ್ರಶ್ನೆಗೆ ಆ ಸುಧಾರಣೆ ಉತ್ತರ ಕೊಡಲಿಲ್ಲ. 2003ರಲ್ಲಿ ಸಂಸತ್ತು ಬೇರೊಂದು ಉಪಾಯ ಹೂಡಿತು: ಸೇನಾಪಡೆಗಳವರು ಬಯಸಿದರೆ ಊರಿನಲ್ಲಿರುವ ನಂಬಿಗಸ್ತರೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸಿ ಅವರಿಂದ ಮತ ಹಾಕಿಸಬಹುದು. ಹೆಚ್ಚು ಫಲ ಕೊಟ್ಟದ್ದು 2016ರ ಅಕ್ಟೋಬರ್‌ನ ನಿಯಮ ತಿದ್ದುಪಡಿ. ಅದರಂತೆ ಖಾಲಿ ಮತಪತ್ರವನ್ನು ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಲಾಗುತ್ತದೆ. ಯೋಧ ಅದನ್ನು ಮುದ್ರಿಸಿಕೊಂಡು, ಮತ ಗುರುತಿಸಿ, ಅಂಚೆಯಲ್ಲಿ ಮರಳಿಸುತ್ತಾನೆ. ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಪ್ರಯೋಗಕ್ಕೆ ಬಂದ ಈ ಪದ್ಧತಿ 2019ರ ಲೋಕಸಭಾ ಚುನಾವಣೆಯಲ್ಲಿ ದೇಶದೆಲ್ಲೆಡೆ ಬಳಕೆಯಾದಾಗ, ನೋಂದಾಯಿತರಾದ 18 ಲಕ್ಷ ಸೇವಾ ಮತದಾರರಲ್ಲಿ ಶೇ. 60ರಷ್ಟು ಮಂದಿಯ ಮತಪತ್ರಗಳು ಮರಳಿ ಬಂದವು. ಅಂಚೆಯ ಎರಡು ಪ್ರಯಾಣಗಳಲ್ಲಿ ಒಂದನ್ನು ತೆಗೆದುಹಾಕಿದ್ದರಿಂದ ದೊರೆತ ಫಲ ಇದು. ಯೋಧರಿಗೆ ಮತದಾನದಲ್ಲಿ ಆಸಕ್ತಿಯಿಲ್ಲವೆಂದು ಹಿಂದೆ ಭಾವಿಸಿದ್ದವರು ಅವರ ಕೈಗೆ ಮತಪತ್ರ ಯಾವಾಗ ಮುಟ್ಟುತ್ತಿತ್ತು ಎಂಬುದನ್ನು ಗಮನಿಸಿರಲಿಲ್ಲ.

ಜಾಲಹಳ್ಳಿ, ಯಲಹಂಕಗಳಂಥ ನೆಲೆಗಳಿಗೆ ಇದಕ್ಕಿಂತ ಹತ್ತಿರದ ಇನ್ನೊಂದು ಪ್ರಶ್ನೆಯೂ ಇತ್ತು. ಯುದ್ಧಭೂಮಿಯಿಂದ ದೂರವಿದ್ದು, ಯೋಧರು ಹೆಂಡತಿ ಮಕ್ಕಳೊಂದಿಗೆ ಬಾಳುವ ಇಂಥ ಠಾಣೆಗಳನ್ನು ಸೇನೆಯ ಪರಿಭಾಷೆಯಲ್ಲಿ ಶಾಂತಿ ಠಾಣೆ ಎನ್ನುತ್ತಾರೆ. ಬೆಂಗಳೂರಿನ ನೀರು, ಬೆಂಗಳೂರಿನ ರಸ್ತೆ, ಬೆಂಗಳೂರಿನ ಶಾಲೆಗಳನ್ನು ಬಳಸುವವರಿಗೆ ಬೆಂಗಳೂರಿನ ಮತ ಏಕಿಲ್ಲ ಎಂಬ ವಾದ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ಅವರೂ ಸೇರಿದಂತೆ ಹಲವರ ಅರ್ಜಿಗಳ ಮೂಲಕ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2014ರ ಮಾರ್ಚ್‌ನಲ್ಲಿ ನ್ಯಾಯಾಲಯ, ಶಾಂತಿ ಠಾಣೆಗಳಲ್ಲಿ ಕುಟುಂಬದೊಂದಿಗೆ ವಾಸಿಸುವ ಯೋಧರು ಬಯಸಿದರೆ ಅಲ್ಲಿಯೇ ಸಾಮಾನ್ಯ ಮತದಾರರಾಗಿ ನೋಂದಾಯಿಸಿಕೊಳ್ಳಬಹುದೆಂದು ಎತ್ತಿಹಿಡಿಯಿತು. ಹುಟ್ಟೂರಿನ ಸೇವಾ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡು ಇಲ್ಲಿಯೂ ಸೇರಿಸುವಂತಿಲ್ಲ ಎಂಬುದು ಸಹಜವಾದ ಷರತ್ತು. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವವರು ಕ್ಷೇತ್ರದ ಫಲಿತಾಂಶವನ್ನು ಪ್ರಭಾವಿಸುವುದು ಸರಿಯೇ ಎಂಬ ಆಕ್ಷೇಪಣೆ ಇಂಥ ಕಡೆ ಏಳುವುದುಂಟು. ಆದರೆ ಬಾಡಿಗೆ ಮನೆಗಳನ್ನು ಅಷ್ಟೇ ಬೇಗ ಬದಲಿಸುವ ನಗರದ ಇತರ ನಿವಾಸಿಗಳಿಗೆ ಕೇಳದ ಪ್ರಶ್ನೆಯನ್ನು ಸಮವಸ್ತ್ರದವರಿಗೆ ಮಾತ್ರ ಕೇಳುವುದು ನ್ಯಾಯವೆನಿಸುವುದಿಲ್ಲ.

ಸೇವಾ ಮತದಾರರ ನಂತರದ ದೊಡ್ಡ ವರ್ಗ ಚುನಾವಣೆಯನ್ನು ನಡೆಸುವವರದೇ. ಶಾಲಾ ಶಿಕ್ಷಕರು, ಬ್ಯಾಂಕ್ ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರು, ಪೊಲೀಸರು ಮತದಾನದ ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಿಂದ ಯಂತ್ರಗಳನ್ನು ಹೊತ್ತು ಮತಗಟ್ಟೆಗಳಿಗೆ ತೆರಳುವುದರಿಂದ ತಮ್ಮ ಬೀದಿಯ ಮತಗಟ್ಟೆಗೆ ಹೋಗಲಾರರು. ಇವರಿಗೆ ಕಾನೂನು ಎರಡು ಏರ್ಪಾಡು ಮಾಡಿದೆ. ನಿಯೋಜನೆ ತಮ್ಮದೇ ಕ್ಷೇತ್ರದೊಳಗಿದ್ದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆದು, ಕೆಲಸ ಮಾಡುವ ಮತಗಟ್ಟೆಯಲ್ಲೇ ಯಂತ್ರದ ಗುಂಡಿ ಒತ್ತಬಹುದು. ಕ್ಷೇತ್ರದ ಹೊರಗಿದ್ದರೆ ನಮೂನೆ 12ರಲ್ಲಿ ಅಂಚೆ ಮತಪತ್ರ ಕೇಳಬೇಕು. ಉತ್ತರ ಬೆಂಗಳೂರಿನ ಭೂಪಟದಲ್ಲಿ ಈ ನಿಯಮ ವಿಚಿತ್ರವಾಗಿ ವರ್ತಿಸುತ್ತದೆ, ಏಕೆಂದರೆ 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಹೆಬ್ಬಾಳ ವಿಧಾನಸಭಾ ಕ್ಷೇತ್ರ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಯಲಹಂಕ ಚಿಕ್ಕಬಳ್ಳಾಪುರಕ್ಕೆ ಸೇರಿದೆ. ಯಶವಂತಪುರದ ಹೆಸರಿನ ವಿಧಾನಸಭಾ ಕ್ಷೇತ್ರ ಬೆಂಗಳೂರು ಉತ್ತರದಲ್ಲಿದ್ದರೂ, ರೈಲು ನಿಲ್ದಾಣದ ಸುತ್ತಲಿನ ಯಶವಂತಪುರ ಬಡಾವಣೆ ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರದ ಭಾಗವಾಗಿ ಬೆಂಗಳೂರು ಗ್ರಾಮಾಂತರಕ್ಕೆ ಮತ ಹಾಕುತ್ತದೆ. ಲೋಕಸಭಾ ಚುನಾವಣೆಯಲ್ಲಿ ಹೆಬ್ಬಾಳದ ಶಿಕ್ಷಕಿಯೊಬ್ಬರು ದೂರದ ಕೃಷ್ಣರಾಜಪುರದ ಮತಗಟ್ಟೆಗೆ ನಿಯೋಜಿತರಾದರೂ ಅಲ್ಲಿಯೇ ಯಂತ್ರದಲ್ಲಿ ಮತ ಹಾಕಬಲ್ಲರು. ಯಲಹಂಕದವರೊಬ್ಬರು ಪಕ್ಕದ ಹೆಬ್ಬಾಳಕ್ಕೆ ಬಂದರೆ ಅಂಚೆ ಮತಪತ್ರವಿಲ್ಲದೆ ಗತಿಯಿಲ್ಲ. ಹಿಂದೆ ಈ ನೌಕರರು ಮತಪತ್ರವನ್ನು ಮನೆಗೊಯ್ದು ಎಣಿಕೆಯ ದಿನದ ಬೆಳಗಿನೊಳಗೆ ತಲುಪಿಸಿದರೆ ಸಾಕಾಗಿತ್ತು. ಅಷ್ಟು ದಿನ ಕೈಯಲ್ಲಿ ಉಳಿದ ಮತಪತ್ರ ಒತ್ತಡಕ್ಕೂ ಆಮಿಷಕ್ಕೂ ಎಡೆಮಾಡಿಕೊಡುತ್ತದೆಂದು ಚುನಾವಣಾ ಆಯೋಗ ಕಂಡುಕೊಂಡದ್ದರಿಂದ 2023ರ ನಿಯಮ ತಿದ್ದುಪಡಿಯು ಅವರು ಮತಪತ್ರ ಪಡೆಯುವುದು, ಗುರುತಿಸುವುದು, ಮರಳಿಸುವುದು ಮೂರನ್ನೂ ತರಬೇತಿಯ ಸ್ಥಳದಲ್ಲಿ ತೆರೆಯುವ ಸೌಲಭ್ಯ ಕೇಂದ್ರದಲ್ಲೇ ಮುಗಿಸಬೇಕೆಂದು ವಿಧಿಸಿತು. ಇವರ ಮತಕ್ಕೆ ಅಂಚೆಯ ಹೆಸರು ಉಳಿದಿದೆ, ಅಂಚೆಯಣ್ಣನ ಪಾತ್ರ ಮುಗಿದಿದೆ.

ನಿಯಮಗಳಲ್ಲಿ ಇನ್ನೊಂದು ಸಣ್ಣ ವರ್ಗವಿದೆ, ಅದರ ಸಾಂವಿಧಾನಿಕ ಮಹತ್ವ ದೊಡ್ಡದು. ಅಪರಾಧ ಸಾಬೀತಾಗಿ ಶಿಕ್ಷೆ ಅನುಭವಿಸುವವರಿಗೂ ವಿಚಾರಣಾಧೀನ ಕೈದಿಗಳಿಗೂ ಮತವಿಲ್ಲ, ಆದರೆ ಮುನ್ನೆಚ್ಚರಿಕೆಯ ಬಂಧನದಲ್ಲಿರುವವರು ಅಂಚೆಯ ಮೂಲಕ ಮತ ಹಾಕಬಹುದು. ನ್ಯಾಯಾಲಯದ ವಿಚಾರಣೆಯಿಲ್ಲದೆ ಸರ್ಕಾರ ಬಂಧಿಸಿಟ್ಟ ಎದುರಾಳಿಯ ಮತವನ್ನೂ ಅದೇ ಸರ್ಕಾರ ಕಸಿಯಬಾರದೆಂಬ ಎಚ್ಚರ ಇದರಲ್ಲಿದೆ.

ಕಾಗದದ ಈ ಮತಕ್ಕೆ ಪಕ್ಕದಲ್ಲೇ ಜಾಲಹಳ್ಳಿಯ ಸಂಸ್ಥೆಯ ಯಂತ್ರ ಬೆಳೆಯಿತು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿ ಬಳಕೆಯಾದ ಮತಯಂತ್ರಕ್ಕೆ ಕಾಯ್ದೆಯ ಆಧಾರವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 1989ರ ಮಾರ್ಚ್‌ನಿಂದ ಜಾರಿಗೆ ಬಂದ ತಿದ್ದುಪಡಿ ಆ ಕೊರತೆಯನ್ನು ತುಂಬಿತು. 2004ರ ಹೊತ್ತಿಗೆ ಎಲ್ಲ 543 ಲೋಕಸಭಾ ಕ್ಷೇತ್ರಗಳೂ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ಸಂಸ್ಥೆಗಳ ಯಂತ್ರಗಳಿಗೆ ಬದಲಾದವು. ಪೆಟ್ಟಿಗೆ ತೆರೆದು ಕಾಗದ ಬಿಡಿಸಿ ಎಣಿಸುವ ಶ್ರಮ ಮತಗಟ್ಟೆಯ ಮತಗಳಿಗೆ ಇಲ್ಲವಾದರೂ ಅಂಚೆ ಮತ ಹಳೆಯ ಕಾಗದವಾಗಿಯೇ ಉಳಿಯಿತು, ಮತ್ತು ಎಣಿಕೆಯ ಮೇಜಿಗೆ ಇಂದಿಗೂ ಮೊದಲು ಬರುವುದು ಅದೇ. ಒಟ್ಟು ಮತಗಳಲ್ಲಿ ಅದರ ಪಾಲು ಸಣ್ಣದೆಂಬ ಕಾರಣಕ್ಕೆ ಅದನ್ನು ಲೆಕ್ಕಕ್ಕಿಲ್ಲದ್ದೆಂದು ಭಾವಿಸಿದವರಿಗೆ 2023ರ ವಿಧಾನಸಭಾ ಚುನಾವಣೆಯ ಎಣಿಕೆ ನಡೆದ ಮೇ 13ರ ರಾತ್ರಿ ನಗರದ ದಕ್ಷಿಣದ ಜಯನಗರ ಉತ್ತರ ಕೊಟ್ಟಿತು. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ ಆ ಮತಪತ್ರಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂಬುದು ಆಯೋಗದ ಸೂಚನೆ; ಜಯನಗರದಲ್ಲಿ ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆಯ ಸುತ್ತ ತಡರಾತ್ರಿಯವರೆಗೆ ವಾಗ್ವಾದ ನಡೆದು, ಕೊನೆಗೆ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರ ವಿರುದ್ಧ ಕೇವಲ 16 ಮತಗಳ ಅಂತರದಿಂದ ಗೆದ್ದರೆಂದು ಘೋಷಣೆಯಾಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದ ರಾಜ್ಯ ಇದು. ಇಂಥಲ್ಲಿ ದೃಢೀಕರಣದ ಒಂದು ಸಹಿಯನ್ನು ಬರಿಯ ಔಪಚಾರಿಕತೆ ಎನ್ನಲಾಗದು.

2019ರ ಅಕ್ಟೋಬರ್‌ನಲ್ಲಿ ಬಂದ ನಿಯಮ ತಿದ್ದುಪಡಿ ಅಂಚೆ ಮತದಾನದ ತರ್ಕವನ್ನೇ ಹೊರಳಿಸಿತು. ಅಲ್ಲಿಯವರೆಗೆ ಈ ಹಕ್ಕು ಪ್ರಧಾನವಾಗಿ ಸರ್ಕಾರದ ಕೆಲಸಕ್ಕಾಗಿ ಮನೆಯಿಂದ ದೂರವಿದ್ದವರದು. ಈಗ ಮನೆಯಲ್ಲೇ ಇದ್ದು ಮತಗಟ್ಟೆಯವರೆಗೆ ನಡೆಯಲಾರದವರಿಗೂ ಅದು ದೊರೆಯಿತು. 80 ವರ್ಷ ದಾಟಿದವರು, ಅಂಗವೈಕಲ್ಯವುಳ್ಳವರು ಮತ್ತು ಆಯೋಗ ಅಧಿಸೂಚಿಸಿದ ಅಗತ್ಯ ಸೇವೆಗಳಲ್ಲಿರುವವರು ಗೈರುಹಾಜರಿ ಮತದಾರರೆಂಬ ಹೊಸ ವರ್ಗವಾದರು. ಕರ್ನಾಟಕದಲ್ಲಿ ಇಡೀ ರಾಜ್ಯದ ಚುನಾವಣೆಯೊಂದರಲ್ಲಿ ಇದು ಮೊದಲ ಬಾರಿಗೆ ಜಾರಿಯಾದದ್ದು 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ. ಆಗ 80 ದಾಟಿದ ಮತದಾರರ ಸಂಖ್ಯೆ 12 ಲಕ್ಷವನ್ನು ಮೀರಿತ್ತು. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಜನರು ಬಿಎಲ್ಒ ಎಂದು ಕರೆಯುವವರು, ಮನೆಗೆ ಬಂದು ನಮೂನೆ 12ಡಿ ಕೊಡುತ್ತಾರೆ. ಅಧಿಸೂಚನೆ ಹೊರಟ ಐದು ದಿನಗಳೊಳಗೆ ತುಂಬಿದ ಅರ್ಜಿ ಚುನಾವಣಾಧಿಕಾರಿಯನ್ನು ಮುಟ್ಟಬೇಕು. ಅರ್ಜಿ ಒಪ್ಪಿತವಾದೊಡನೆ ಪಟ್ಟಿಯಲ್ಲಿ ಹೆಸರಿನ ಮುಂದೆ ಅಂಚೆ ಮತಪತ್ರದ ಗುರುತು ಬೀಳುವುದರಿಂದ ಆ ಮೇಲೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. ಮುಂದೆ ಗೊತ್ತುಪಡಿಸಿದ ದಿನ ಇಬ್ಬರು ಮತಗಟ್ಟೆ ಅಧಿಕಾರಿಗಳು, ವಿಡಿಯೊ ಚಿತ್ರಗಾರ ಮತ್ತು ಪೊಲೀಸರ ತಂಡ ಮನೆಗೆ ಬರುತ್ತದೆ. ಅದರ ಸಂಚಾರದ ವಿವರ ಅಭ್ಯರ್ಥಿಗಳಿಗೆ ಮೊದಲೇ ತಿಳಿಯುವುದರಿಂದ ಅವರ ಪ್ರತಿನಿಧಿಗಳೂ ಬರಬಹುದು. ಒಂದು ಭೇಟಿಯಲ್ಲಿ ಮತದಾರರು ಸಿಗದಿದ್ದರೆ ಇನ್ನೊಮ್ಮೆ ಬರುತ್ತಾರೆ. ಇಷ್ಟೆಲ್ಲ ಇದ್ದರೂ ಅರ್ಹರಲ್ಲಿ ಬಹುಪಾಲು ಹಿರಿಯರು ಈ ಸೌಲಭ್ಯವನ್ನು ಬಳಸದೆ ಮತಗಟ್ಟೆಯ ದಾರಿಯನ್ನೇ ಹಿಡಿದರು. ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ನೆರೆಯವರ ನಡುವೆ ನಿಲ್ಲುವುದಕ್ಕೆ ಅವರು ಕೊಟ್ಟ ಬೆಲೆಯನ್ನು ಆಡಳಿತದ ಯಾವ ಸುತ್ತೋಲೆಯೂ ಅಂದಾಜು ಮಾಡಿರಲಿಲ್ಲ. 2024ರ ಮಾರ್ಚ್‌ನಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಲಾಯಿತು. ಬಳಸುವವರು ಕಡಿಮೆಯೆಂಬುದು ಆ ಏರಿಕೆಗೆ ಸಮರ್ಥನೆಯಾಗಬಹುದು; ಮೆಟ್ಟಿಲಿಳಿಯಲಾಗದ 82ರ ವೃದ್ಧೆಗೆ ಅದರಿಂದ ಸಮಾಧಾನ ಸಿಗಲಾರದು.

ಉತ್ತರ ಬೆಂಗಳೂರಿನ ಅನೇಕ ಮನೆಗಳ ಮಕ್ಕಳು ನೆಲೆಸಿರುವ ಅಮೆರಿಕದಲ್ಲೂ ಅಂಚೆ ಮತ ಹುಟ್ಟಿದ್ದು ಸೈನಿಕರಿಂದಲೇ, 1861ರಿಂದ 1865ರವರೆಗಿನ ಅಂತರ್ಯುದ್ಧದ ಕಾಲದಲ್ಲಿ. ಆದರೆ ಅಲ್ಲಿನ ಕೆಲವು ರಾಜ್ಯಗಳಲ್ಲಿ ವಿನಾಯಿತಿ ಕ್ರಮೇಣ ನಿಯಮವಾಯಿತು. ಆರೆಗನ್ ರಾಜ್ಯದ ಮತದಾರರು 1998ರಲ್ಲಿ ಜನಮತದ ಮೂಲಕ ಎಲ್ಲ ಚುನಾವಣೆಗಳನ್ನೂ ಅಂಚೆಯಲ್ಲೇ ನಡೆಸಲು ತೀರ್ಮಾನಿಸಿದರು. ನೋಂದಾಯಿತರಾದ ಪ್ರತಿಯೊಬ್ಬರ ವಿಳಾಸಕ್ಕೂ ಮತಪತ್ರ ಬರುತ್ತದೆ, ಮರಳಿದ ಲಕೋಟೆಯ ಸಹಿಯನ್ನು ನೋಂದಣಿಯ ಕಡತದ ಸಹಿಯೊಂದಿಗೆ ಹೋಲಿಸುತ್ತಾರೆ. ಎರಡು ವ್ಯವಸ್ಥೆಗಳು ನಂಬಿಕೆಯನ್ನು ಎಲ್ಲಿ ಇಟ್ಟಿವೆ ಎಂಬುದರಲ್ಲಿ ನಿಜವಾದ ವ್ಯತ್ಯಾಸವಿದೆ: ಆರೆಗನ್ ಮತದಾರನ ಕೈಬರಹವನ್ನು ನಂಬುತ್ತದೆ, ಭಾರತ ಮತದಾರನ ಪಕ್ಕದಲ್ಲಿ ನಿಂತ ಅಧಿಕಾರಿಯ ಸಾಕ್ಷ್ಯವನ್ನು ನಂಬುತ್ತದೆ. ಸಹಿ ಹಾಕಲು ಬಾರದ ಕೋಟ್ಯಂತರ ಜನರಿಗೆ ಮೊದಲ ದಿನದಿಂದಲೇ ಮತ ಕೊಟ್ಟ ದೇಶ ಹಾಗೆ ಮಾಡಿದ್ದರಲ್ಲಿ ಅರ್ಥವಿತ್ತು. ಮನೆಯೊಳಗೆ ಒಬ್ಬರ ಮತವನ್ನು ಇನ್ನೊಬ್ಬರು ಬರೆಯುವ ಅಪಾಯವನ್ನು ತಡೆಯುವ ಪರದೆ ಮತಗಟ್ಟೆಯಲ್ಲಿದೆ, ಅಡುಗೆಮನೆಯ ಮೇಜಿನ ಮೇಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಹೀಗೆ ಒಂದೊಂದೇ ವರ್ಗಕ್ಕೆ ತೆರೆದುಕೊಂಡ ಬಾಗಿಲು, ಸಂಖ್ಯೆಯಲ್ಲಿ ಎಲ್ಲರಿಗಿಂತ ದೊಡ್ಡದಾದ, ದುಡಿಮೆಗಾಗಿ ಊರು ಬಿಟ್ಟವರ ವರ್ಗಕ್ಕೆ ಇನ್ನೂ ತೆರೆದಿಲ್ಲ. ವಿದೇಶದಲ್ಲಿ ನೆಲೆಸಿಯೂ ಭಾರತೀಯ ಪೌರತ್ವ ಉಳಿಸಿಕೊಂಡವರು 2010ರ ತಿದ್ದುಪಡಿಯಿಂದಾಗಿ ನಮೂನೆ 6ಎ ತುಂಬಿ ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿ ಮತದಾರರಾಗಬಹುದು, ಆದರೆ ಮತ ಹಾಕಲು ಆ ಪಾಸ್‌ಪೋರ್ಟನ್ನೇ ಹಿಡಿದು ತಮ್ಮ ಹೆಸರಿರುವ ಮತಗಟ್ಟೆಗೇ ಬರಬೇಕು. ಅವರಿಗೆ ಪ್ರತಿನಿಧಿಯ ಮೂಲಕ ಮತ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯ ಒಪ್ಪಿಗೆ ಪಡೆದೂ ಮರುವರ್ಷ ಬಿದ್ದುಹೋಯಿತು. ವಿಮಾನದ ಟಿಕೆಟ್ಟಿಗೆ ಹಣವಿದ್ದವರ ಕಷ್ಟಕ್ಕಿಂತ ಗಂಭೀರವಾದದ್ದು ಯಶವಂತಪುರ, ಪೀಣ್ಯ, ದಾಸರಹಳ್ಳಿಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ, ರಾಯಚೂರುಗಳ ಕಾರ್ಮಿಕರದು. ಯೋಧನ ಗೈರುಹಾಜರಿಗೆ ಸರ್ಕಾರದ ಆದೇಶ ಕಾರಣ, ಇವರ ಗೈರುಹಾಜರಿಗೆ ಹೊಟ್ಟೆಪಾಡು ಕಾರಣ. ಮೊದಲನೆಯದನ್ನು ಕಾನೂನು ಗುರುತಿಸುತ್ತದೆ, ಎರಡನೆಯದನ್ನು ಗುರುತಿಸುವುದಿಲ್ಲ. ಒಂದೇ ಯಂತ್ರದಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತಾದರೂ ಒಮ್ಮತ ಮೂಡಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಕ್ಷೇತ್ರಗಳು ಏಪ್ರಿಲ್ 26ರಂದು, ಕಲ್ಯಾಣ ಕರ್ನಾಟಕದ ಈ ಜಿಲ್ಲೆಗಳು ಮೇ 7ರಂದು ಮತ ಹಾಕಿದವು. ಊರಿನಲ್ಲಿ ಹೆಸರಿದ್ದ ಕಾರ್ಮಿಕರಿಗೆ ಕಾರ್ಖಾನೆಯ ರಜೆ ಏಪ್ರಿಲ್‌ನಲ್ಲಿ ಸಿಕ್ಕರೂ ಬೇಕಾಗಿದ್ದುದು ಮೇ ತಿಂಗಳಲ್ಲಿ. ಸದ್ಯದ ಕಾನೂನಿನಲ್ಲಿ ಅವರಿಗಿರುವುದು ಎರಡೇ ದಾರಿ. ಬಾಡಿಗೆ ಕರಾರೋ ವಿದ್ಯುತ್ ಬಿಲ್ಲೋ ವಿಳಾಸಕ್ಕೆ ಪುರಾವೆಯಾಗಿ ಸಿಕ್ಕರೆ, ಸ್ಥಳಾಂತರಕ್ಕೆಂದಿರುವ ನಮೂನೆ 8ನ್ನು ತುಂಬಿ ಬಿಎಲ್ಒ ಕೈಗೆ ಕೊಡುವುದು ಅಥವಾ ಆನ್‌ಲೈನಿನಲ್ಲಿ ಸಲ್ಲಿಸುವುದು. ಇಲ್ಲವಾದರೆ ಮತದಾನದ ಹಿಂದಿನ ಸಂಜೆ ಯಶವಂತಪುರದಲ್ಲಿ ರೈಲನ್ನೋ ಗೊರಗುಂಟೆಪಾಳ್ಯದಲ್ಲಿ ಬಸ್ಸನ್ನೋ ಹತ್ತಿ, ಎರಡು ದಿನದ ಕೂಲಿ ಬಿಟ್ಟು ಊರಿಗೆ ಹೋಗಿ ಬರುವುದು.